ಕೈಗೆ ರಜೆ ಕೊಡದ ನೆರೆಹೊರೆಯವರಿಗೆ

ಶಿರಸಿಯ ನಮ್ಮ ಬಡಾವಣೆಯ ಎಲ್ಲ ಮನೆಯವರಿಗೂ ನನ್ನ ನಮಸ್ಕಾರಗಳು.

ಕಳೆದ ಭಾನುವಾರ ವನಮಹೋತ್ಸವದ ನೆಪದಲ್ಲಿ ಸಮುದಾಯ ಭವನದ ಹಿಂದಿನ ಜಾಗದಲ್ಲಿ ನಾವೆಲ್ಲ ಸೇರಿದ್ದಾಗ, ಊರುಗೋಲನ್ನು ಗೋಡೆಗೆ ಒರಗಿಸಿಟ್ಟು, ಯಾರ ಕೈಯನ್ನೂ ಹಿಡಿಯದೆ ಬಗ್ಗಿ, ಒಂದು ಅಪ್ಪೆಮಿಡಿಯ ಕಸಿ ಸಸಿಯನ್ನು ನಾನು ನೆಟ್ಟೆ. ಮಣ್ಣು ಒತ್ತಿ ಎದ್ದು ನಿಂತಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಆ ಹೊತ್ತಿಗೆ ಗಂಟಲು ಕಟ್ಟಿ ಒಂದು ಮಾತೂ ಹೊರಡಲಿಲ್ಲವಾದ್ದರಿಂದ, ಅಂದು ಹೇಳಬೇಕಾಗಿದ್ದುದನ್ನು ಇಂದು ಕುಳಿತು ಬರೆಯುತ್ತಿದ್ದೇನೆ.

2023ರ ಜುಲೈ ತಿಂಗಳು, ಪುನರ್ವಸು ಮಳೆ ಹಿಡಿದಿದ್ದ ಸಂಜೆ. ಆ ವರ್ಷದ ಬಡಾವಣೆಯ ಕಾರ್ಯಕ್ರಮಗಳ ಜವಾಬ್ದಾರಿಯನ್ನು ವಹಿಸಿಕೊಂಡು ನನಗೆ ಮೂರು ವಾರವೂ ಆಗಿರಲಿಲ್ಲ. ಭವನದ ಸೂರಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡು ನೀರು ಗೋಡೆಗೆ ಇಳಿಯುತ್ತಿದೆ ಎಂದು ಯಾರೋ ಹೇಳಿದ್ದನ್ನು ಕೇಳಿ, ನೋಡಿಕೊಂಡು ಬರೋಣವೆಂದು ಹೊರಟವಳು ಚಿರೆಕಲ್ಲಿನ ಮೆಟ್ಟಿಲಿನ ಮೇಲೆ ಹಾವಸೆಗೆ ಕಾಲಿಟ್ಟು ಜಾರಿಬಿದ್ದೆ. ತೊಡೆಯ ಮೂಳೆ ಮುರಿದಿತ್ತು. ಹುಬ್ಬಳ್ಳಿಗೆ ಕರೆದೊಯ್ಯಬೇಕೆಂದು ವೈದ್ಯರು ಹೇಳಿದಾಗ ರಾತ್ರಿ ಒಂಬತ್ತು ದಾಟಿತ್ತು, ಮಳೆ ಮಾತ್ರ ಬಿಟ್ಟಿರಲಿಲ್ಲ. ಸುಮಾರು 100 ಕಿಲೋಮೀಟರ್ ದಾರಿಯುದ್ದಕ್ಕೂ ಆಂಬುಲೆನ್ಸಿನಲ್ಲಿ ನನ್ನ ತಲೆಯ ಬಳಿ ಕುಳಿತಿದ್ದವರು ಎದುರು ಮನೆಯ ಅಕ್ಕ. ಹಿಂದಿನಿಂದ ತಮ್ಮ ಕಾರಿನಲ್ಲಿ ನನ್ನ ಯಜಮಾನರನ್ನು ಕೂರಿಸಿಕೊಂಡು ಬಂದವರು ಮೂಲೆ ಮನೆಯ ಮಾಸ್ತರರು. ಬೆಂಗಳೂರಿನಿಂದ ಮಗಳು ಬಂದು ತಲುಪುವವರೆಗೆ ಆಸ್ಪತ್ರೆಯ ಕಾಗದಗಳ ಮೇಲೆ ಸಂಬಂಧಿಕರ ಜಾಗದಲ್ಲಿ ಸಹಿ ಹಾಕಿದವರು ಅವರಿಬ್ಬರೇ. ಆ ಅಕ್ಕ ಅಂದು ಉಟ್ಟಿದ್ದ ಸೀರೆ ಪೂರ್ತಿ ನೆನೆದಿತ್ತು, ಬೆಳಗಿನ ತನಕ ಅದರಲ್ಲೇ ಇದ್ದರು ಎಂಬುದು ನನಗೆ ತಿಳಿದದ್ದು ತಿಂಗಳ ಮೇಲೆ.

ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೇಲಿನ ಹನ್ನೊಂದು ವಾರ ನಮ್ಮ ಅಡುಗೆಮನೆಯ ಒಲೆ ಹೊತ್ತಿದ್ದು ಚಹಾಕ್ಕೆ ಮತ್ತು ಬಿಸಿನೀರಿಗೆ ಮಾತ್ರ. ಯಾವ ದಿನ ಯಾವ ಮನೆಯ ಊಟ ಎಂಬ ಪಟ್ಟಿಯನ್ನು ನೀವು ನನಗೆ ಕಾಣದಂತೆ ಮಾಡಿಕೊಂಡಿದ್ದಿರಿ. ಕಣ್ಣು ಮಂದವಾಗಿರುವ ನನ್ನ ಯಜಮಾನರಿಗೆ ಗುರುವಾರದ ಒಂದೆಲಗದ ತಂಬುಳಿಯ ಮೇಲಿಂದ ವಾರದ ಲೆಕ್ಕ ಸಿಗುತ್ತಿತ್ತು. ಔಷಧ, ಹಾಲು, ವಿದ್ಯುತ್ ಬಿಲ್ಲು, ಬಟ್ಟೆ ಒಣಗಿಸುವುದು, ಇವನ್ನೆಲ್ಲ ಇಲ್ಲಿ ಒಂದೊಂದಾಗಿ ಹೇಳಹೊರಟರೆ ಮುಗಿಯುವುದಿಲ್ಲ. ಯಾರು ಏನು ಮಾಡಿದಿರೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಆದರೆ ಈ ಪತ್ರವನ್ನು ನಾನು ಮುಖ್ಯವಾಗಿ ಬರೆಯುತ್ತಿರುವುದು ಅದಕ್ಕಾಗಿ ಅಲ್ಲ. ಮೂವತ್ತೊಂದು ವರ್ಷ ಶಾಲೆಯಲ್ಲಿ ನಿಂತೇ ಕೆಲಸ ಮಾಡಿದವಳಿಗೆ ಮಂಚದ ಮೇಲೆ ಮಲಗಿ ಎಲ್ಲರಿಂದಲೂ ಬರೇ ಪಡೆದುಕೊಳ್ಳುವುದು ನೋವಿಗಿಂತ ಕಷ್ಟವಾಗಿತ್ತು. ಪಾತ್ರೆ ತಂದಿಟ್ಟು ಹೋಗುವವರ ಕಣ್ಣಿಗೆ ಕಣ್ಣು ಕೊಡಲು ಸಂಕೋಚವಾಗತೊಡಗಿ, ಆಗಸ್ಟ್ ತಿಂಗಳಿನಲ್ಲಿ ನಾನು ನಮ್ಮ ಸಂಘದ ಕಾರ್ಯದರ್ಶಿಯವರನ್ನು ಕರೆಸಿ, ಈ ವರ್ಷದ ಜವಾಬ್ದಾರಿಯನ್ನು ಬೇರೆಯವರಿಗೆ ವಹಿಸಿಬಿಡಿ ಎಂದು ಲೆಕ್ಕದ ಪುಸ್ತಕವನ್ನು ಅವರ ಕೈಗಿತ್ತೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ದಿಂಬಿನ ಪಕ್ಕದಲ್ಲೇ ಇಟ್ಟು, "ಅಕ್ಕೋರೇ, ನಿಮ್ಮ ಕಾಲಿಗೆ ರಜೆ. ಕೈಗೆ ಯಾರು ರಜೆ ಕೊಟ್ಟಿದ್ದು?" ಎಂದು ಕೇಳಿ ಎದ್ದು ಹೋದರು. ಆ ಮಾತಿಗೆ ನಾನು ಅಂದು ಬೇಸರಪಟ್ಟುಕೊಂಡದ್ದು ನಿಜ. ಅದರ ಬೆಲೆ ತಿಳಿದದ್ದು ಚೌತಿಯ ಹಿಂದಿನ ವಾರ.

ನಮ್ಮ ಬಡಾವಣೆಗೆ ಹೊರಗಿನಿಂದ ವರ್ಗವಾಗಿ ಬಂದಿರುವ ಮನೆಯವರಿಗಾಗಿ ಒಂದು ಮಾತು ಇಲ್ಲಿ ಹೇಳಬೇಕು. ಕಂಬಳವೆಂದರೆ ದಕ್ಷಿಣ ಕನ್ನಡದವರಿಗೆ ಕೆಸರುಗದ್ದೆಯ ಕೋಣಗಳ ಓಟ. ನಮ್ಮ ಘಟ್ಟದ ಮೇಲಿನ ಹಳ್ಳಿಗಳಲ್ಲಿ ಹತ್ತು ಮನೆಯವರು ಕೂಡಿ ಒಂದು ಮನೆಯ ಕೆಲಸವನ್ನು ಮುಗಿಸಿಕೊಡುವುದಕ್ಕೂ ಕಂಬಳವೆಂದೇ ಹೆಸರು. ಚೌತಿ ಹತ್ತಿರ ಬಂದಾಗ ನಡೆಯುವ ಚಕ್ಕುಲಿ ಕಂಬಳ ಆ ಬಗೆಯದು. ಇಂದು ನಮ್ಮ ಮನೆಯಲ್ಲಿ ನೀವು ಸುತ್ತಿದರೆ ನಾಳೆ ನಿಮ್ಮ ಮನೆಯಲ್ಲಿ ನಾವು. ಅದು ಮುಯ್ಯಿ, ಕೂಲಿಯಲ್ಲ. ಅಚ್ಚಿನ ಒರಳಿನಲ್ಲಿ ಒತ್ತಿದ ಚಕ್ಕುಲಿಗೂ ಕೈಯಲ್ಲಿ ಸುತ್ತಿದ ಚಕ್ಕುಲಿಗೂ ಇರುವ ವ್ಯತ್ಯಾಸ ತಿಂದವರಿಗೆ ಗೊತ್ತು. ಅಕ್ಕಿಯನ್ನು ತೊಳೆದು, ಆರಿಸಿ, ಹುರಿದ ಉದ್ದಿನ ಬೇಳೆ ಸೇರಿಸಿ ಬೀಸಿಸಿದ ಹಿಟ್ಟಿಗೆ ಉಪ್ಪು, ಎಳ್ಳು, ಬೆಣ್ಣೆ ಹಾಕಿ ಕಲಸಿ, ಬೆರಳ ನಡುವೆ ತಿರುಚುತ್ತ ತಿರುಚುತ್ತಲೇ ಬಟ್ಟೆಯ ಮೇಲೆ ಸುತ್ತು ಬಿಡಿಸುತ್ತ ಹೋಗಬೇಕು; ಹಿಟ್ಟು ಸ್ವಲ್ಪ ಸಡಿಲವಾದರೆ ಎಳೆ ಕುಸಿಯುತ್ತದೆ, ಬಿಗಿಯಾದರೆ ಬಿರಿಯುತ್ತದೆ. ನನ್ನ ತವರಿನಲ್ಲಿ ಏಳು ಸುತ್ತು ಸುತ್ತುವ ಗಂಡಸರಿದ್ದರು, ಅವರಿಗೆ ಚೌತಿಯ ತಿಂಗಳಲ್ಲಿ ಬಿಡುವೇ ಇರುತ್ತಿರಲಿಲ್ಲ.

ಬಡಾವಣೆಯಲ್ಲಿ ಈ ಪದ್ಧತಿ ನಿಂತು ಹೋಗಿ ಹಲವು ವರ್ಷಗಳಾಗಿದ್ದವು. ಅದನ್ನು ಮತ್ತೆ ನಡೆಸಬೇಕೆಂದು ಆ ವರ್ಷದ ಯೋಜನೆಯಲ್ಲಿ ಬರೆದಿದ್ದವಳು ನಾನೇ. ಬಿದ್ದ ಮೇಲೆ ಅದು ಹೇಗೂ ಆಗುವುದಿಲ್ಲವೆಂದು ಕೈಬಿಟ್ಟಿದ್ದೆ. ಅಂಗಡಿಯಿಂದ ತರಿಸಿ ಹಂಚಿದರಾಯಿತು, ವಂತಿಗೆಯಲ್ಲಿ ಹಣವೂ ಉಳಿಯುತ್ತದೆ ಎಂದು ಸಭೆಯಲ್ಲಿ ಕೆಲವರು ಹೇಳಿದ್ದರೆಂದೂ ಕೇಳಿದ್ದೆ. ಲೆಕ್ಕದಲ್ಲಿ ಅದು ತಪ್ಪಲ್ಲ. ಹಾಗಿದ್ದೂ ಆ ಶನಿವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಗೆ ಒಬ್ಬೊಬ್ಬರಾಗಿ ಬರತೊಡಗಿದಿರಿ. ಒಬ್ಬರು ಕೊಪ್ಪರಿಗೆ, ಒಬ್ಬರು ತೆಂಗಿನೆಣ್ಣೆಯ ಡಬ್ಬಿ, ಇನ್ನಿಬ್ಬರು ಹಿಟ್ಟಿನ ಬುಟ್ಟಿ. ಗಂಡಸರು ನಾಲ್ವರು ಸೇರಿ ನನ್ನನ್ನು ಮಂಚ ಸಮೇತ ಎತ್ತಿ ಜಗಲಿಗೆ ತಂದಿಟ್ಟರು. ಮಡಿಲ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಬಿಳಿ ಪಂಚೆಯ ತುಂಡು, ಅದರ ಮೇಲೆ ಹಿಟ್ಟಿನ ಉಂಡೆ. ಕಲಿಸಿಕೊಡಲು ಬೇರೆ ಯಾರೂ ಇಲ್ಲವೆಂದು ಹೇಳಿದಿರಿ. ಅದು ಸುಳ್ಳೆಂದು ನನಗೆ ಗೊತ್ತಿತ್ತು, ಏಕೆಂದರೆ ಕಾರ್ಯದರ್ಶಿಯವರ ತಾಯಿ ನನಗಿಂತ ಚೆನ್ನಾಗಿ ಸುತ್ತುತ್ತಾರೆ. ಅವರು ಅಂದು ಒಲೆಯ ಮುಂದೆ ಕುಳಿತು, ತಮಗೆ ಸುತ್ತಲು ಬಾರದೆಂಬಂತೆ ಸುಮ್ಮನೆ ಕರಿಯುತ್ತಿದ್ದರು.

ಸಂಜೆಯೊಳಗೆ ಹದಿನಾಲ್ಕು ಜನ ಕಲಿತರು. ಕಲಬುರಗಿಯ ಕಡೆಯಿಂದ ಬಂದ ಬ್ಯಾಂಕಿನ ಹುಡುಗ ಮೊದಲ ಗಂಟೆಯಲ್ಲಿ ಮಾಡಿದ್ದೆಲ್ಲ ಮುರಿದು, ಎರಡನೆಯ ಗಂಟೆಯಲ್ಲಿ ಮೂರು ಸುತ್ತಿಗೆ ಬಂದ. ಕೊನೆಗೆ ಅವನ ಐದು ಸುತ್ತಿನ ಚಕ್ಕುಲಿಯೊಂದನ್ನು ಎಣ್ಣೆಗೆ ಹಾಕಲು ಅವನೇ ಬಿಡಲಿಲ್ಲ, ಅಮ್ಮನಿಗೆ ಕಳುಹಿಸಲು ಫೋಟೋ ಬೇಕೆಂದ. ನನ್ನ ಹೆಬ್ಬೆರಳು ಮತ್ತು ತೋರುಬೆರಳು ಎಳ್ಳಿನ ಎಣ್ಣೆ ಜಿಡ್ಡಿನಿಂದ ಹೊಳೆಯುತ್ತಿದ್ದುದನ್ನು ರಾತ್ರಿ ದೀಪದಲ್ಲಿ ನೋಡಿಕೊಂಡೆ. ಎರಡು ತಿಂಗಳಿನಲ್ಲಿ ಅಂದು ಮೊದಲ ಬಾರಿಗೆ ನಿದ್ರೆಯ ಮಾತ್ರೆ ಇಲ್ಲದೆ ಮಲಗಿದೆ.

ಅಲ್ಲಿಂದ ಮುಂದೆ ಪ್ರತಿ ಕೆಲಸಕ್ಕೂ ನೀವು ಒಂದು ಕುಳಿತು ಮಾಡುವ ಭಾಗವನ್ನು ಹುಡುಕಿ ತಂದಿರಿ. ಚೌತಿಯಲ್ಲಿ ಗಣಪತಿಯ ಮೇಲ್ಗಡೆ ತೂಗುವ ಫಲಾವಳಿಗೆ ಕಟ್ಟುವ ಕಾಯಿಗಳ ಹೆಸರನ್ನು ಚೀಟಿಗಳಲ್ಲಿ ಬರೆಯುವುದು ನನ್ನದಾಯಿತು. ಯಾವ ಕಾಡುಕಾಯಿ ಯಾವುದೆಂದು ಮಕ್ಕಳು ಕೇಳುತ್ತ ಕೂರುತ್ತಿದ್ದರು. ದೊಡ್ಡಹಬ್ಬದ, ಅಂದರೆ ದೀಪಾವಳಿಯ, ಗೋಪೂಜೆಗೆ ಹೂವಿನ ಮಾಲೆ ಕಟ್ಟಿದೆ. ಡಿಸೆಂಬರಿನಲ್ಲಿ ಊರುಗೋಲು ಹಿಡಿದು ಅಂಗಳಕ್ಕೆ ಬಂದೆ.

2023 ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ವರ್ಷ. ಮಲೆನಾಡಿನ ಬಾಗಿಲಲ್ಲಿರುವ ನಮಗೆ ನೀರಿನ ಚಿಂತೆ ಇಲ್ಲವೆಂಬ ನಂಬಿಕೆ ಬೇಸಿಗೆ ಬಂದೊಡನೆ ಸುಳ್ಳಾಯಿತು. ಬಡಾವಣೆಯ ಹಳೆಯ ತೆರೆದ ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿರಲಿಲ್ಲ. ಶಿರಸಿಯ ಕೆರೆಗಳ ಹೂಳೆತ್ತಿಸಿದ ಜೀವಜಲ ಕಾರ್ಯಪಡೆಯ ಕೆಲಸವನ್ನು ಕಂಡವರು ನಾವು. ಆ ಮಾದರಿ ಕಣ್ಣೆದುರಿಗಿದ್ದುದರಿಂದಲೇ ನಮ್ಮ ಬಾವಿಗೆ ನಾವೇ ಇಳಿಯುವ ಧೈರ್ಯ ಬಂತೆಂದು ನಾನು ತಿಳಿಯುತ್ತೇನೆ. ಬಾವಿಯ ಕೆಲಸ ಬಲ್ಲ ಇಬ್ಬರನ್ನು ಕರೆಸಿ, ಮೊದಲು ಹಗ್ಗದಲ್ಲಿ ದೀಪ ಇಳಿಸಿ, ತಳದಲ್ಲಿ ಅದು ಆರದೆ ಉರಿಯುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಅವರನ್ನು ಇಳಿಸಿದ್ದು. ಮೇಲೆ ಹಗ್ಗ ಎಳೆಯಲು ಸರದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ. ನಾನು ಹಲಸಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಹೂಳಿನ ಬುಟ್ಟಿಗಳನ್ನು ಎಣಿಸಿದೆ. ಎರಡು ಭಾನುವಾರಕ್ಕೆ 412 ಬುಟ್ಟಿ, ಜೊತೆಗೆ ಎರಡು ಹಿತ್ತಾಳೆಯ ತಂಬಿಗೆ.

ಹೂಳು ತೆಗೆದರೆ ಸಾಲದು, ಬಾವಿಗೆ ನೀರು ಬರಬೇಕಲ್ಲ ಎಂದು ನಿವೃತ್ತ ಎಂಜಿನಿಯರರು ಇಂಗುಗುಂಡಿಯ ಮಾತೆತ್ತಿದಾಗ ಬಹಳ ಮಂದಿ ಒಪ್ಪಿರಲಿಲ್ಲ. ಅವರು ಬೋರ್ಡಿನ ಮೇಲೆ ಒಂದೇ ಲೆಕ್ಕ ಬರೆದರು: 1,000 ಚದರ ಅಡಿಯ ಸೂರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 93 ಲೀಟರ್, ಮಳೆಗಾಲದಲ್ಲಿ 2,000 ಮಿಲಿಮೀಟರ್ ಬಿದ್ದರೆ ಒಂದೇ ಮನೆಯಿಂದ 1,86,000 ಲೀಟರ್. ಅಷ್ಟನ್ನೂ ನಾವು ಚರಂಡಿಗೆ ಬಿಡುತ್ತಿದ್ದೆವು. ಮೇ ತಿಂಗಳಿನೊಳಗೆ ಹದಿನೇಳು ಮನೆಗಳ ಹಿತ್ತಿಲಲ್ಲಿ ಗುಂಡಿಗಳಾದವು. ಚರಂಡಿಗೆ ಪ್ಲಾಸ್ಟಿಕ್ ಎಸೆಯಬೇಡಿರೆಂದು ಮನೆಮನೆಗೆ ಹೇಳಲು ಹೋದ ಹುಡುಗಿಯರು ಬಳಸಿದ ಮಾತು ನನಗೆ ತುಂಬ ಹಿಡಿಸಿತು. ಅಘನಾಶಿನಿ ಹುಟ್ಟುತ್ತದೆಂದು ನಾವು ಹೇಳಿಕೊಳ್ಳುವ ಶಂಕರಹೊಂಡ ನಮ್ಮ ಊರಿನಲ್ಲೇ ಇದೆ, ಯಾವ ದೊಡ್ಡ ಅಣೆಕಟ್ಟೂ ಇಲ್ಲದೆ ಆ ಹೊಳೆ ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲು ಸೇರುತ್ತದೆ, ಅಲ್ಲಿ ಬಳಚು ಎಂಬ ಚಿಪ್ಪುಜೀವಿಗಳನ್ನು ಆರಿಸಿ ಬದುಕುವ ಹೆಂಗಸರ ಕಾಲಿಗೆ ಶಿರಸಿಯ ಕಸ ಸಿಗಬಾರದು ಎಂದರು. ಅದಕ್ಕೆ ಎದುರು ಮಾತಾಡಿದ ಮನೆಯಿಲ್ಲ.

2024ರ ಮಾರ್ಚ್‌ನಲ್ಲಿ ಮಾರಿಕಾಂಬೆಯ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯೆಂದರೆ ಊರಿನ ಪ್ರತಿ ಮನೆಯೂ ನೆಂಟರಿಂದ ತುಂಬಿರುತ್ತದೆ. ಅಂಥ ದಿನಗಳಲ್ಲೂ ಮನೆಯ ಊಟ ಮುಗಿಸಿ, ಬಿಡಕಿಬೈಲಿನ ಗದ್ದುಗೆಗೆ ದರ್ಶನಕ್ಕೆ ಹೋಗಿ ಬರುವವರಿಗಾಗಿ ನಮ್ಮ ಭವನವನ್ನು ತೆರೆದಿಟ್ಟಿರಿ. ಬಿಸಿಲಿನಲ್ಲಿ ಸರದಿಯಲ್ಲಿ ನಿಂತು ಬಂದವರಿಗೆ ಮಜ್ಜಿಗೆ, ಬೆಲ್ಲ ನೀರು, ಒರಗಿಕೊಳ್ಳಲು ಚಾಪೆ. ಹಸುಗೂಸುಗಳಿಗೆ ಹಾಲೂಡಿಸಲು ಸೀರೆಯ ಮರೆ ಕಟ್ಟಿದ ಒಂದು ಮೂಲೆಯನ್ನು ನನಗೆ ಒಪ್ಪಿಸಿದ್ದಿರಿ. ಹಾವೇರಿ ಕಡೆಯ ಒಬ್ಬ ಬಾಣಂತಿ ಎರಡು ಗಂಟೆ ಅಲ್ಲಿ ಮಲಗಿ ಎದ್ದು, ಹೋಗುವಾಗ ತನ್ನ ಬುತ್ತಿಯಿಂದ ಎರಡು ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ನನ್ನ ಕೈಗಿಟ್ಟು ಹೋದಳು. ಬೇಡವೆನ್ನಲು ಹೋದವಳು ಸುಮ್ಮನಾದೆ. ಕೊಟ್ಟು ಹೋಗಬೇಕೆಂಬ ಅವಳ ಆಸೆ ಎಂಥದ್ದೆಂದು ನನಗಿಂತ ಚೆನ್ನಾಗಿ ಯಾರಿಗೆ ತಿಳಿದೀತು!

ಇನ್ನು ಕೆಲವರಿಗೆ ನನ್ನ ಕೃತಜ್ಞತೆ ವಿಶೇಷವಾಗಿ ಸಲ್ಲಬೇಕು. ಸಂಘದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಜಾತ್ರೆಯ ಅಷ್ಟೂ ದಿನ ಬೆಳಗಿನ ಜಾವ ನಾಲ್ಕಕ್ಕೇ ನಮ್ಮ ರಸ್ತೆಗೆ ಬಂದ ಪೌರಕಾರ್ಮಿಕರಿಗೆ; ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ, ನಾನು ಮಲಗಿದ್ದ ದಿನಗಳಲ್ಲಿ ನನಗೆ ಸ್ನಾನ ಮಾಡಿಸಿ, ಅದಕ್ಕೆ ಬೇರೆ ಸಂಬಳ ಕೊಡಹೋದಾಗ ಮುಖ ತಿರುಗಿಸಿದ ತಂಗಿಗೆ; ಬಾವಿಗಿಳಿದ ಆ ಇಬ್ಬರಿಗೆ. ನಾವು ಮಾಡಿದ್ದನ್ನು ಸೇವೆಯೆನ್ನುತ್ತೇವೆ, ಅವರು ಮಾಡಿದ್ದನ್ನು ಕೆಲಸವೆನ್ನುತ್ತೇವೆ. ಹೀಗೆ ಬೇರೆ ಮಾಡಿ ನೋಡುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ಈ ವರ್ಷದ ಚೌತಿಯ ಊಟಕ್ಕೆ ಅವರ ಕುಟುಂಬಗಳನ್ನು ಕರೆದು, ನಮ್ಮ ಪಂಕ್ತಿಯಲ್ಲೇ ಕೂರಿಸಬೇಕೆಂದು ಸಂಘವನ್ನು ಕೇಳಿಕೊಳ್ಳುತ್ತೇನೆ.

ನನ್ನ ಅವಧಿ ಮುಗಿದಿದೆ. ಲೆಕ್ಕದ ಪುಸ್ತಕವನ್ನು ಈ ಬಾರಿ ಕಾರ್ಯದರ್ಶಿಯವರು ತೆಗೆದುಕೊಂಡಿದ್ದಾರೆ. 412 ಬುಟ್ಟಿಯ ಗೀಟುಗಳು ಅದರ ಕೊನೆಯ ಎರಡು ಪುಟಗಳಲ್ಲಿ ಹಾಗೆಯೇ ಇವೆ. ಈ ವರ್ಷ, ಅಂದರೆ 2024ರಲ್ಲಿ, ಚೌತಿ ಸೆಪ್ಟೆಂಬರ್ 7ಕ್ಕೆ ಬಂದಿದೆ. ಹಿಂದಿನ ಶನಿವಾರ ಮಧ್ಯಾಹ್ನ ಎರಡಕ್ಕೆ ಕಂಬಳ ಎದುರು ಮನೆಯ ಅಕ್ಕನ ಜಗಲಿಯಲ್ಲಿ. ಅವರಿಗೆ ಮೊಣಕಾಲು ನೋವು ಹೆಚ್ಚಾಗಿದೆ, ಕೆಳಗೆ ಕೂರಲಾಗುವುದಿಲ್ಲ. ನನ್ನ ಹಲಗೆಯನ್ನು ತೊಳೆದು ಒಣಗಿಸಿ ಅವರ ಮನೆಗೆ ಕೊಟ್ಟು ಬಂದಿದ್ದೇನೆ. ಅಕ್ಕಿ ನಮ್ಮ ಮನೆಯದು.