ಮಗಳಿಗೊಂದು ಪತ್ರ: ಪಟ್ಟಿಯಲ್ಲಿ ಯಾರ ಹೆಸರು ಮೇಲೆ?

ಪುಟ್ಟೀ,

ಮೂಟ್ ಕೋರ್ಟಿಗೆ, ಅಂದರೆ ನಿಮ್ಮ ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯಕ್ಕೆ, ನಿನಗೆ ಅಮೆರಿಕದ ರೈಲ್ವೆ ಯೂನಿಯನ್‌ಗಳ ಸೀನಿಯಾರಿಟಿ ಜಗಳ ಸಿಕ್ಕಿದೆ ಅಂತ ಕೇಳಿ ಖುಷಿಯಾಯಿತು. ಇದನ್ನು ಸುಮ್ನೆ ಹೆಸರು ಹಿಂದೆಮುಂದೆ ಮಾಡುವ ವಿಷಯ ಅಂದುಕೊಳ್ಳಬೇಡ. ಯಾರಿಗೆ ಯಾವ ಗಾಡಿ, ಹಬ್ಬಕ್ಕೆ ಯಾರಿಗೆ ರಜೆ, ಕೆಲಸ ಕಡಿಮೆಯಾದರೆ ಮೊದಲು ಯಾರು ಮನೆಗೆ, ಇದೆಲ್ಲ ನಿಂತಿರುವುದು ಆ ಸೀನಿಯಾರಿಟಿ ಪಟ್ಟಿಯ ಮೇಲೆ.

ಎರಡು ಕಂಪನಿ ಒಂದಾದರೆ ಪಟ್ಟಿಗಳೂ ಸೇರಬೇಕು. ಕೆಲಸಕ್ಕೆ ಸೇರಿದ ತಾರೀಖು ನೋಡಿ ಬರೆದರಾಯಿತು ಅಲ್ವಾ ಅನ್ನಿಸುತ್ತದೆ. ಆದರೆ ಒಂದು ಕಂಪನಿಯಲ್ಲಿ ಎಲ್ಲರೂ ಹಳಬರು, ಇನ್ನೊಂದರಲ್ಲಿ ಎಲ್ಲರೂ ಈಚೆಗೆ ಸೇರಿದವರು ಅಂತಿಟ್ಟುಕೋ. ತಮ್ಮ ಯಾರ್ಡಿನಲ್ಲಿ ಮೊದಲ ಸಾಲಿನಲ್ಲಿದ್ದವರು ಒಂದೇ ದಿನಕ್ಕೆ ತಳಕ್ಕೆ ಬೀಳುತ್ತಾರೆ. ಅದಕ್ಕೇ ಕೆಲವು ಕಡೆ ಹಳೆಯ ಯಾರ್ಡಿನ ಕೆಲಸದಲ್ಲಿ ಅಲ್ಲಿಯವರಿಗೇ ಮೊದಲ ಹಕ್ಕು ಉಳಿಸುತ್ತಾರೆ. ರೈಲ್ವೆ ಕಂಪನಿಗಳು ಒಂದಾಗುವಾಗ ನೌಕರರ ರಕ್ಷಣೆಗೆಂದು ಹಾಕುವ 1979ರ 'ನ್ಯೂಯಾರ್ಕ್ ಡಾಕ್' ಷರತ್ತುಗಳಲ್ಲಿ, ಮಾತುಕತೆ ಮುರಿದುಬಿದ್ದರೆ ಮಧ್ಯಸ್ಥರ ತೀರ್ಪು.

ಆ ಮಧ್ಯಸ್ಥರ ಮುಂದೆ ಯಾರ್‍ಯಾರು ಕೂತಿದ್ದಾರೆ ಅನ್ನುವುದನ್ನೇ ನೀನು ಹಿಡಿದುಕೊಳ್ಳಬೇಕು. ಯೂನಿಯನ್ ಪೆಸಿಫಿಕ್ ರೈಲ್ವೆಯಲ್ಲಿ ಹೊಸ ಯಂತ್ರ ಬಂತು, ಅದರ ಕೆಲಸ ಗುಮಾಸ್ತರಿಗೆ ಹೋಯಿತು. ಅದು ನಮ್ಮದು ಅಂತ ತಂತಿ ನೌಕರರ ಯೂನಿಯನ್, ರೈಲ್ವೆ ನೌಕರರ ಜಗಳ ತೀರಿಸುವ ಅಡ್ಜಸ್ಟ್‌ಮೆಂಟ್ ಬೋರ್ಡಿಗೆ ಹೋಯಿತು. ಗುಮಾಸ್ತರ ಯೂನಿಯನ್ ವಿಚಾರಣೆಗೆ ಬರಲಿಲ್ಲ. ಬೋರ್ಡು ಒಂದೇ ಕರಾರು ನೋಡಿ ತಂತಿ ನೌಕರರ ಪರ ತೀರ್ಪು ಕೊಟ್ಟಿತು. ಅದು ನಿಲ್ಲುವುದಿಲ್ಲ, ಎರಡೂ ಯೂನಿಯನ್‌ಗಳ ಕರಾರು ನೋಡಿ ಇಡೀ ಜಗಳವನ್ನು ಒಟ್ಟಿಗೇ ಮುಗಿಸಬೇಕು ಎಂದು 1966ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಸೀನಿಯಾರಿಟಿ ಕೇಸಲ್ಲ, ಆದರೂ ನಿನ್ನ ವಾದಕ್ಕೆ ಬುನಾದಿ ಅದೇ.

ಯೂನಿಯನ್‌ಗಳು ಬಂದು ಕೂತರೆ ಸಾಕು ಅಂತಲೂ ನಾನು ಹೇಳಲಾರೆ. ಬೆಸ್ಟರ್ ಸ್ಟೀಲ್ ಅಲಬಾಮಾದ ಕಪ್ಪು ಫೈರ್‌ಮನ್, ಅಂದರೆ ರೈಲು ಎಂಜಿನ್ನಿನ ಬೆಂಕಿ ನೋಡಿಕೊಳ್ಳುವವರು. ಅವರಿಗೆ ಸದಸ್ಯತ್ವವನ್ನೇ ಕೊಡದ ಯೂನಿಯನ್ ಅವರ ಪರವಾಗಿಯೂ ಕಂಪನಿಯೊಂದಿಗಿನ ಕರಾರಿಗೆ ಸಹಿ ಹಾಕಿತು. ಅವರ ಜಾಗ ಅವರಿಗಿಂತ ಜೂನಿಯರ್ ಆದ ಬಿಳಿಯರ ಪಾಲಾಯಿತು. 1944ರಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಓದುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನಿನ್ನ ಯೂನಿಯನ್ ಗೆದ್ದರೆ ಯಾರು ಕೆಳಗಿಳಿಯುತ್ತಾರೆ, ಅವರ ಪರ ಯಾರು ಮಾತಾಡಿದರು ಅಂತ ಮೊದಲ ಪುಟದಲ್ಲೇ ಬರಿ. ಮಧ್ಯಸ್ಥರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರಬೇಕು. ಬರೆದದ್ದನ್ನು ಕಳಿಸು, ನಾನು ಎದುರಾಳಿಯ ಕಡೆಯಿಂದ ಓದುತ್ತೇನೆ.

ಅಮ್ಮ