ಮಗಳಿಗೊಂದು ಪತ್ರ: ನಿಮ್ಮೂರಿನ ಒಪೆರಾದಲ್ಲಿ ಹಾಡಿದ ಹುಡುಗ

ಪ್ರೀತಿಯ ಪುಟ್ಟಿ,

ಸ್ಟುಟ್‌ಗಾರ್ಟ್‌ನ ಒಪೆರಾ ಹೌಸ್ ಮುಂದೆ, ಆ ಕೊಳದ ಪಕ್ಕ ನಿಂತು ತೆಗೆದ ಫೋಟೋ ಬಂತು. ‘ಅಪ್ಪಾ, ನೀನು ಯಾವಾಗ್ಲೂ ಕೇಳ್ತಿರ್ತೀಯಲ್ಲ, ಆ ಮನುಷ್ಯ ಹಾಡಿದ್ದು ಇಲ್ಲೇನಾ?’ ಅಂತ ಕೇಳಿದ್ದೀಯ. ಹೌದು, ಫ್ರಿಟ್ಸ್ ವುಂಡರ್ಲಿಖ್ ಎಂಬ ಆ ಹಾಡುಗಾರ ಹಾಡಿದ್ದು ಅಲ್ಲೇ. 1912ರಲ್ಲಿ ಕಟ್ಟಿದ ಅದೇ ಕಟ್ಟಡ. ಅದರ ಕೆಳಗೆ ಇನ್ನೊಂದು ಸಾಲೂ ಬರೆದಿದ್ದೀಯ: ರಜೆ ಹೋದವರ ಕೆಲಸವನ್ನೆಲ್ಲ ನಿನ್ನ ತಲೆಗೇ ಕಟ್ಟುತ್ತಾರೆ ಅಂತ. ಎರಡಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಮಾಧಾನವಾಗಿ ಓದು.

ಫ್ರಿಟ್ಸ್ ವುಂಡರ್ಲಿಖ್ ಹುಟ್ಟಿದ್ದು 1930ರ ಸೆಪ್ಟೆಂಬರ್ 26ರಂದು, ಜರ್ಮನಿಯ ಪಶ್ಚಿಮ ಭಾಗದ ಕೂಸೆಲ್ ಎಂಬ ಸಣ್ಣ ಊರಿನಲ್ಲಿ. ಅಪ್ಪ, ಅಮ್ಮ ಇಬ್ಬರೂ ಸಂಗೀತದವರು. ಅಮ್ಮ ಪಿಟೀಲು ನುಡಿಸುತ್ತಿದ್ದರು. 1935ರಲ್ಲಿ ಅಪ್ಪ ಬದುಕಿಗೆ ಸೋತು ತಾವೇ ಜೀವ ಕಳೆದುಕೊಂಡರು. ಆಮೇಲೆ ಅಮ್ಮ ಸಂಗೀತ ಪಾಠ ಹೇಳಿ ಮನೆ ನಡೆಸಿದರು. ಹುಡುಗ ಸ್ವಲ್ಪ ದೊಡ್ಡವನಾದ ಮೇಲೆ ಅಕಾರ್ಡಿಯನ್ ಹೊತ್ತು ಡ್ಯಾನ್ಸ್ ಬ್ಯಾಂಡುಗಳಲ್ಲಿ ನುಡಿಸಿ ನಾಲ್ಕು ಕಾಸು ದುಡಿದ. 1950ರಲ್ಲಿ ಫ್ರೈಬುರ್ಗ್‌ನ ಸಂಗೀತ ಕಾಲೇಜು ಸೇರಿದ ಮೇಲೂ ಈ ದುಡಿಮೆ ತಪ್ಪಲಿಲ್ಲ.

ಅಲ್ಲಿ ಅವನು ಹಾಡಿನ ಜೊತೆಗೆ ಫ್ರೆಂಚ್ ಹಾರ್ನ್ ಕಲಿತ. ಆ ವಾದ್ಯ ಊದಬೇಕಾದರೆ ಉಸಿರನ್ನು ಅಳೆದು ತೂಗಿ ಬಿಡಬೇಕು. ಒಂದಿಷ್ಟು ಹೆಚ್ಚುಕಮ್ಮಿ ಆದರೂ ಸ್ವರ ಒಡೆದುಹೋಗುತ್ತೆ, ಎಲ್ಲರ ಕಿವಿಗೂ ಬೀಳುತ್ತೆ. ಅವನ ಹಾಡಿನಲ್ಲಿ ಉಸಿರು ಎಲ್ಲಿ ತೆಗೆದುಕೊಂಡ ಅಂತಲೇ ಗೊತ್ತಾಗುವುದಿಲ್ಲ. ಅದು ಹಾರ್ನ್ ಕೊಟ್ಟ ಬಳುವಳಿ ಅಂತ ಬಲ್ಲವರು ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತೆ. ಒಪೆರಾದಲ್ಲಿ ಮೈಕ್ ಇರುವುದಿಲ್ಲ, ನೆನಪಿಟ್ಟುಕೋ. ನಮ್ಮ ಹಳೇ ನಾಟಕ ಕಂಪನಿಯ ನಟರು ಹಾಡುತ್ತಿದ್ದ ಹಾಗೆ, ಕೊನೇ ಸಾಲಿನವನಿಗೂ ಮುಟ್ಟಬೇಕು. ಅದೂ ಮುಂದೆ ಒಂದು ಇಡೀ ಆರ್ಕೆಸ್ಟ್ರಾ ಕೂತಿರುವಾಗ.

1955ರಲ್ಲಿ ಸ್ಟುಟ್‌ಗಾರ್ಟ್ ಒಪೆರಾದಲ್ಲಿ ಕೆಲಸ ಸಿಕ್ಕಿತು. ಸಿಕ್ಕ ಪಾತ್ರ ಯಾವುದು ಗೊತ್ತಾ? ವಾಗ್ನರ್‌ನ ‘ಮೈಸ್ಟರ್‌ಸಿಂಗರ್’ ಒಪೆರಾದಲ್ಲಿ ಹನ್ನೆರಡು ಮಂದಿ ಹಾಡುಗಾರ ಕಸುಬುದಾರರು ಬರುತ್ತಾರೆ. ಅವರಲ್ಲೊಬ್ಬ ಐಸ್ಲಿಂಗರ್, ಮಸಾಲೆ ಸಾಮಾನಿನ ವ್ಯಾಪಾರಿ. ಗುಂಪಿನಲ್ಲಿ ಗೋವಿಂದ. ಆ ರಂಗಮಂದಿರದಲ್ಲಿ ಆಗ ಯೋಸೆಫ್ ಟ್ರಾಕ್ಸೆಲ್ ಎಂಬ ಹೆಸರಾಂತ ಟೆನರ್, ಅಂದರೆ ಗಂಡಸರ ಎತ್ತರದ ಕಂಠದ ಹಾಡುಗಾರ, ಇದ್ದರು. ಮೊಟ್ಸಾರ್ಟ್‌ನ ‘ಮಾಯಾ ಕೊಳಲು’ ಒಪೆರಾದ ನಾಯಕ ಟಮೀನೋ ಪಾತ್ರ ಅವರದು. ಒಂದು ದಿನ ತಮಗೆ ಹುಷಾರಿಲ್ಲ ಅಂದರು. ಹುಡುಗನಿಗೆ ಒಂದು ಅವಕಾಶ ಸಿಗಲಿ ಅಂತ ಬೇಕೆಂದೇ ಹೂಡಿದ ನೆಪ ಅದು ಅಂತ ಕಥೆ ಇದೆ. ನಿಜವೋ ಅಲ್ಲವೋ, ನನಗಂತೂ ನಂಬುವುದಕ್ಕೆ ಇಷ್ಟ. ವುಂಡರ್ಲಿಖ್ ಬದಲಿಗೆ ನಿಂತ. ಫ್ರೈಬುರ್ಗ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಅದೇ ಪಾತ್ರ ಹಾಡಿದ್ದ, ಹಾಗಾಗಿ ಪಾಠ ಗಂಟಲಲ್ಲೇ ಇತ್ತು. ಅಲ್ಲಿಂದ ಮುಂದೆ ಯಾರೂ ಅವನನ್ನು ಮಸಾಲೆ ಅಂಗಡಿಗೆ ವಾಪಸು ಕಳಿಸಲಿಲ್ಲ.

ಟಮೀನೋನ ಹಾಡನ್ನು ನೀನು ಇವತ್ತೇ ಕೇಳಬೇಕು. ರಾಜಕುಮಾರನ ಕೈಗೆ ಒಬ್ಬ ಹುಡುಗಿಯ ಚಿತ್ರ ಕೊಟ್ಟಿರುತ್ತಾರೆ. ಅವನು ಅವಳನ್ನು ನೋಡಿಲ್ಲ, ಚಿತ್ರ ಮಾತ್ರ. ಮೊದಲ ಮಾತಿನಲ್ಲೇ ಸ್ವರ ಕೆಳಗಿಂದ ಮೇಲಕ್ಕೆ ಒಂದೇ ನೆಗೆತ. ಬಹಳ ಜನ ಅಲ್ಲಿ ಮೇಲಿನ ಸ್ವರವನ್ನು ಒತ್ತಿ ಹಾಡುತ್ತಾರೆ, ‘ನೋಡಿ, ಮುಟ್ಟಿದೆ’ ಅನ್ನೋ ಹಾಗೆ. ಇವನು ಒತ್ತುವುದೇ ಇಲ್ಲ. ಚಿತ್ರ ನೋಡಿ ಬೆರಗಾದವನ ಬಾಯಿಂದ ಸುಮ್ನೆ ಬಂದ ಹಾಗಿರುತ್ತೆ. 1964ರಲ್ಲಿ ಕಾರ್ಲ್ ಬೋಮ್ ಆರ್ಕೆಸ್ಟ್ರಾ ನಡೆಸಿದ ಧ್ವನಿಮುದ್ರಣ ಹುಡುಕು.

ಆಮೇಲಿನದೆಲ್ಲ ಭರಭರನೆ ಆಯಿತು. 1956ರಲ್ಲಿ ಅದೇ ಸ್ಟುಟ್‌ಗಾರ್ಟ್‌ನಲ್ಲಿ ಹಾರ್ಪ್ ನುಡಿಸುತ್ತಿದ್ದ ಎವಾಳನ್ನು ಮದುವೆಯಾದ, ಮೂರು ಮಕ್ಕಳಾದವು. ಸಾಲ್ಜ್‌ಬರ್ಗ್, ಮ್ಯೂನಿಕ್, ವಿಯೆನ್ನಾ ಎಲ್ಲವೂ ಕರೆದವು.

ಅವನದು ಹುಟ್ಟಿನಿಂದ ಬಂದ ಕಂಠ, ಕಷ್ಟವೇ ಪಡಲಿಲ್ಲ ಅಂತ ಬರೆಯುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಒಪೆರಾದಲ್ಲಿ ಗೆದ್ದವನು ಬರೀ ಪಿಯಾನೋ ಜೊತೆ ಹಾಡುವ ಕಛೇರಿಗಳಲ್ಲಿ ಮೊದಮೊದಲು ಪೂರ್ತಿ ಗೆಲ್ಲಲಿಲ್ಲ. ಅಲ್ಲಿ ವೇಷ ಇಲ್ಲ, ಕಥೆ ಇಲ್ಲ, ಮಾತೇ ಮುಖ್ಯ. ಹ್ಯೂಬರ್ಟ್ ಗೀಸೆನ್ ಎಂಬ ಹಿರಿಯ ಪಿಯಾನೋ ವಾದಕರ ಹತ್ತಿರ ಕೂತು, ಹೆಸರು ಬಂದ ಮೇಲೂ ಶಿಷ್ಯನ ಹಾಗೆ ತಿದ್ದಿಸಿಕೊಂಡ. ಅವರಿಬ್ಬರು ಮಾಡಿದ ಶೂಮನ್‌ನ ‘ಕವಿಯ ಪ್ರೇಮ’ ಕೇಳು, ಕವಿ ಹೈನೆಯ ಪದ್ಯಗಳು, ಒಟ್ಟು 16 ಹಾಡು. ಮೊದಲ ಹಾಡು ಮುಗಿಯುವುದೇ ಇಲ್ಲ, ಪ್ರಶ್ನೆ ಕೇಳಿದ ಹಾಗೆ ಅರ್ಧಕ್ಕೆ ನಿಂತುಬಿಡುತ್ತೆ. ಅಲ್ಲಿ ಅವನು ಏನನ್ನೂ ತುಂಬಿಸಲು ಹೋಗುವುದಿಲ್ಲ. ಈ ಸಂಯಮ ಗಂಟಲಿಂದ ಬಂದದ್ದಲ್ಲ, ಕಲಿತು ಬಂದದ್ದು.

ಸಾವಿನ ಬಗ್ಗೆ ಎಲ್ಲರೂ ಪುಟಗಟ್ಟಲೆ ಬರೆದಿದ್ದಾರೆ, ನಾನು ಸಣ್ಣದಾಗಿ ಹೇಳಿ ಮುಗಿಸುತ್ತೇನೆ. ಸ್ನೇಹಿತರೊಬ್ಬರ ಬೇಟೆ ಮನೆಯಲ್ಲಿ ಮೆಟ್ಟಿಲಿಂದ ಬಿದ್ದು ತಲೆಗೆ ಏಟಾಯಿತು. 1966ರ ಸೆಪ್ಟೆಂಬರ್ 17ರಂದು ಹೈಡೆಲ್‌ಬರ್ಗ್ ಆಸ್ಪತ್ರೆಯಲ್ಲಿ ತೀರಿಕೊಂಡ. ಒಂಬತ್ತು ದಿನ ಕಳೆದಿದ್ದರೆ 36 ತುಂಬುತ್ತಿತ್ತು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದ ಹೊಸ ಕಟ್ಟಡ ಶುರುವಾಗಿದ್ದು ಅದರ ಹಿಂದಿನ ದಿನ. ಮುಂದಿನ ತಿಂಗಳು ಅವನು ಅಲ್ಲಿ ಮೊದಲ ಸಲ ಹಾಡಬೇಕಿತ್ತು.

ಆ ಹೊತ್ತಿಗೆ ಆರ್ಕೆಸ್ಟ್ರಾ ನಡೆಸುವ ಕರಾಯನ್ ಜೊತೆ, ಹೈಡನ್ ರಚಿಸಿದ ‘ಸೃಷ್ಟಿ’ ಎಂಬ ದೊಡ್ಡ ಹಾಡುಕೃತಿಯ ಧ್ವನಿಮುದ್ರಣ ಅರ್ಧ ಆಗಿತ್ತು. ದೊಡ್ಡ ಹಾಡುಗಳನ್ನು ಹಾಡಿಟ್ಟಿದ್ದ. ನಡುನಡುವೆ ಮಾತಿನ ಧಾಟಿಯಲ್ಲಿ ಬರುವ ಭಾಗಗಳು ಬಾಕಿ ಇದ್ದವು. ಅವನ್ನು ವರ್ನರ್ ಕ್ರೆನ್ ಎಂಬ ಇನ್ನೊಬ್ಬ ಟೆನರ್ ಹಾಡಿದರು. ಸತ್ತವನ ಸ್ವರದ ಪಕ್ಕ ನಿಂತು ಹಾಡುವುದು, ತನ್ನನ್ನು ಹೋಲಿಸುತ್ತಾರೆ ಅಂತ ಗೊತ್ತಿದ್ದೂ. ಕ್ರೆನ್ ಎಲ್ಲೂ ಮೆರೆಯಲು ಹೋಗಿಲ್ಲ, ಕೆಲಸ ಅಚ್ಚುಕಟ್ಟಾಗಿ ಮುಗಿಸಿದ್ದಾರೆ. ನನಗೆ ಈಚೆಗೆ ಅವರ ಬಗ್ಗೆ ಗೌರವ ಜಾಸ್ತಿಯಾಗುತ್ತಿದೆ.

ನಿನ್ನ ಆಫೀಸಿನಲ್ಲಿ ಟ್ರಾಕ್ಸೆಲ್ ತರಹದವರು ಇದ್ದಾರೋ ಇಲ್ವೋ ನನಗೆ ತಿಳಿಯದು. ಬದಲಿಗೆ ಮಾಡುವ ಕೆಲಸ ಪ್ರತಿ ಸಲ ನಿನ್ನ ಪಾಲಿಗೇ ಬಂದರೆ ಬಾಯಿಬಿಟ್ಟು ಹೇಳು, ಒಳಗೊಳಗೇ ಕುದಿಯಬೇಡ. ಮಾಡಿದ್ದನ್ನು ಮಾತ್ರ ಒಂದು ಕಡೆ ಬರೆದಿಟ್ಟುಕೋ.

ಆ ಒಪೆರಾದಲ್ಲಿ ‘ಮಾಯಾ ಕೊಳಲು’ ಹಾಕಿದರೆ ಒಂದು ಟಿಕೆಟ್ ತೆಗೆದುಕೋ. ಮೇಲಿನ ಸಾಲಿನದಾದರೂ ಪರವಾಗಿಲ್ಲ, ಅಗ್ಗ. ಹೆಚ್ಚುಕಮ್ಮಿ ಮೂರು ಗಂಟೆ ಆಗುತ್ತೆ, ಮೊದಲೇ ಏನಾದರೂ ತಿಂದುಕೊಂಡು ಹೋಗು.

ನಿನ್ನ
ಅಪ್ಪ