ಕೈಗಾರಿಕಾ ವಸಾಹತಿಗೂ ಬೇಕು ಕೂಸಿನ ಮನೆ

ಮಾನ್ಯರೇ,

26 ವಾರಗಳ ಹೆರಿಗೆ ರಜೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ರಜೆ ಮುಗಿದ ಮೇಲೆ ಕೂಸನ್ನು ಯಾರ ಕೈಗೆ ಕೊಟ್ಟು ಬರಬೇಕು ಎಂದು ಕೇಳುವವರಿಲ್ಲ. 50ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು, ತಾಯಿಯನ್ನು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಬಿಡಬೇಕು ಎಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತ್ತು; ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಕೈಗಾರಿಕಾ ವಸಾಹತುಗಳ ಸಣ್ಣ ಘಟಕ ಒಂದೊಂದರಲ್ಲೂ ದುಡಿಯುವವರು ಹತ್ತಿಪ್ಪತ್ತು ಮಂದಿ. ಅವರಿಗೆ ಈ ನಿಯಮ ತಾಗುವುದೇ ಇಲ್ಲ.

ಹಲವು ಸಂಸ್ಥೆಗಳು ಕೂಡಿ ಒಂದೇ ಕೇಂದ್ರ ನಡೆಸಲು ಕಾನೂನಿನಲ್ಲೇ ಅವಕಾಶವಿದೆ. ವಸಾಹತಿನ ಒಂದು ಖಾಲಿ ಶೆಡ್ ಸಾಕು, ವೆಲ್ಡಿಂಗ್ ಅಥವಾ ಪೇಂಟಿಂಗ್ ಘಟಕದ ಪಕ್ಕದ್ದು ಮಾತ್ರ ಬೇಡ. ಬಾಡಿಗೆಯನ್ನು ಘಟಕಗಳು ಮಕ್ಕಳ ಲೆಕ್ಕದಲ್ಲಲ್ಲ, ಒಟ್ಟು ನೌಕರರ ಲೆಕ್ಕದಲ್ಲಿ ಹಂಚಿಕೊಳ್ಳಬೇಕು. ಇಲ್ಲದಿದ್ದರೆ ತಾಯಂದಿರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮಾಲೀಕರು ಹಿಂಜರಿಯುತ್ತಾರೆ. ಬೆಳಿಗ್ಗೆ 6ರ ಪಾಳಿಯವರಿಗೆ 9ಕ್ಕೆ ಬಾಗಿಲು ತೆರೆದರೆ ಏನು ಬಂತು? ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದ ಸರ್ಕಾರಕ್ಕೆ ಇದೇನೂ ಹೊಸದಲ್ಲ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದಲ್ಲಿ ಹೆರಿಗೆ ರಜೆ ಅವಧಿಯ ಹಣ ಕೊಡುವುದು ವಿಮಾ ನಿಗಮವೇ ಹೊರತು ಮಾಲೀಕರಲ್ಲ. ಇದು ಎಷ್ಟೋ ಮಾಲೀಕರಿಗೆ ಗೊತ್ತಿದ್ದಂತಿಲ್ಲ! ಆದರೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ತಲಾ ಆರು ತಿಂಗಳು) ಕನಿಷ್ಠ 70 ದಿನಗಳ ವಂತಿಗೆ ಜಮೆಯಾಗಿರಬೇಕು. ಗುತ್ತಿಗೆದಾರ ಬದಲಾದಾಗ ಕಾರ್ಮಿಕರ ಹಳೆಯ ವಿಮಾ ಸಂಖ್ಯೆ ಮುಂದುವರಿಸದೆ ಹೊಸದು ಮಾಡಿಸುತ್ತಾರೆ. ದಿನಗಳು ಎರಡು ಕಡೆ ಹಂಚಿಹೋಗಿ ಅರ್ಜಿ ತಿರಸ್ಕೃತವಾಗುತ್ತದೆ. ಗುತ್ತಿಗೆ ಬದಲಾಗುವ ತಿಂಗಳಲ್ಲೇ ಕಾರ್ಮಿಕ ಇಲಾಖೆ ಈ ಸಂಖ್ಯೆಗಳನ್ನು ತಾಳೆ ನೋಡಲಿ.

– ಕೆಲವು ಕಾರ್ಮಿಕ ಸಲಹೆಗಾರರು, ಹುಬ್ಬಳ್ಳಿ